ಮೊಲದ ನೆತ್ತರಿನಲ್ಲಿ ಅಡಗಿದ್ದ ಒಗಟು

ಅಂಜುಬುರುಕತನಕ್ಕೆ ನಾವು ಮೊಲವನ್ನು ಹೋಲಿಕೆ ಕೊಡುತ್ತೇವೆ. ಆದರೆ ರೋಗವನ್ನೆದುರಿಸುವ ಬಲ ಪ್ರಾಣಿಗಳ ಮೈಗೆ ಹೇಗೆ ಬಂದಿತೆಂಬ ದೊಡ್ಡ ಪ್ರಶ್ನೆಗೆ ಉತ್ತರ ದೊರೆಯುವುದರಲ್ಲಿ ಈ ಸಾಧುಪ್ರಾಣಿಯ ಪಾಲು ಎಷ್ಟೆಂಬುದನ್ನು ಬಲ್ಲಿರಾ?

ರೋಗಾಣು ಮೈಯನ್ನು ಹೊಕ್ಕರೆ ಅದನ್ನು ಹಿಡಿಯಬಲ್ಲ ದ್ರವ್ಯವೊಂದು ನೆತ್ತರಿನಲ್ಲಿ ಹುಟ್ಟುತ್ತದೆ. ಇದಕ್ಕೆ ಪ್ರತಿಕಾಯವೆಂದು ಹೆಸರು. ದಡಾರಕ್ಕೆ ಹುಟ್ಟಿದ್ದು ಗಂಟಲುಮಾರಿಗೆ ಒದಗದು. ಒಂದೊಂದಕ್ಕೂ ಬೇರೆಯೇ ಆಗಬೇಕು. ಇವುಗಳನ್ನು ರೂಪಿಸುವ ಬರಹವಿರುವುದು ತಂದೆತಾಯಿಗಳಿಂದ ಬಂದ ವಂಶವಾಹಿಗಳಲ್ಲಿ. ವೈರಿಗಳೋ ಅಸಂಖ್ಯ, ಪಿತ್ರಾರ್ಜಿತವೋ ಪರಿಮಿತ. ಹಾಗಾದರೆ ಇಷ್ಟು ವೈವಿಧ್ಯ ಎಲ್ಲಿಯದು?

1956ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ಜಾಕ್ ಊದಾಂ ಎಂಬ ವಿದ್ವಾಂಸರು ಮೊಲಗಳ ಪ್ರತಿಕಾಯಗಳಲ್ಲಿ ಮನೆತನದ ಗುರುತುಗಳನ್ನು ಕಂಡರು. ಅವು ಮರಿಗಳಿಗೆ ವಂಶಾನುಗತವಾಗಿ ಬರುತ್ತವೆಂಬುದು ಮುಂದೆ ಸ್ಥಿರಪಟ್ಟಿತು. 1963ರಲ್ಲಿ ಚಾರ್ಲ್ಸ್ ಟಾಡ್ ಇನ್ನೊಂದು ಸೋಜಿಗವನ್ನು ತೋರಿಸಿದರು: ಎರಡು ಬೇರೆ ವರ್ಗದ ಪ್ರತಿಕಾಯಗಳಲ್ಲಿ ಗುರುತು ಮಾತ್ರ ಒಂದೇ! ಒಂದು ಪ್ರೋಟೀನು ಸರಣಿಗೆ ಒಂದೇ ವಂಶವಾಹಿಯೆಂಬ ನಂಬಿಕೆ ಅಲುಗಿತು. ಎರಡು ವಂಶವಾಹಿಗಳು ಕೂಡಿ ಒಂದು ಸರಣಿಯನ್ನು ಕಟ್ಟುತ್ತವೆಂದು ಡ್ರೇಯರ್ ಮತ್ತು ಬೆನೆಟ್ 1965ರಲ್ಲಿ ಊಹಿಸಿದರು. ವಂಶವಾಹಿಯ ತುಂಡುಗಳು ಜೋಡಣೆಗೊಳ್ಳುವುದನ್ನು ಸುಸುಮು ತೊನೆಗಾವಾ 1976ರಲ್ಲಿ ಇಲಿಗಳಲ್ಲಿ ಸಿದ್ಧಮಾಡಿದರು. 1987ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಆದರೂ ಮೊಲದ ಒಗಟು ಉಳಿಯಿತು. ಅದಕ್ಕೆ ಈ ಬಗೆಯ ವಂಶವಾಹಿಗಳು ನೂರಕ್ಕೂ ಹೆಚ್ಚು. ಗುರುತು ಮಾತ್ರ ಒಂದೇ ವಂಶವಾಹಿ ಇದ್ದಂತೆ ಸಾಗಿಬರುತ್ತದೆ. 1990ರಲ್ಲಿ ಅಮೆರಿಕದ ಕ್ಯಾಥರಿನ್ ನೈಟ್ ಮತ್ತು ರಾಬರ್ಟ್ ಬೆಕರ್ ಇದನ್ನು ಬಿಡಿಸಿದರು: ಮೊಲ ಬಹುಮಟ್ಟಿಗೆ ಬಳಸುವುದು ಸಾಲಿನ ಒಂದನ್ನೇ!

ಮತ್ತೆ ವೈವಿಧ್ಯ? ಓಲೆಗರಿಯನ್ನು ನಕಲುಮಾಡುವ ಲಿಪಿಕಾರ ಒಂದು ಪ್ರತಿಯನ್ನೇ ಮುಂದಿಟ್ಟುಕೊಂಡು, ನಡುನಡುವೆ ಬೇರೆ ಪ್ರತಿಗಳ ಸಾಲುಗಳನ್ನು ಸೇರಿಸಿದರೆ ಪಾಠಾಂತರಗಳು ಹುಟ್ಟುವುದಿಲ್ಲವೆ? ಹಾಗೆಯೇ ಆ ಒಂದು ವಂಶವಾಹಿಗೆ ನೆರೆಯವುಗಳ ತುಣುಕುಗಳು ಬಂದು ಕೂಡುತ್ತವೆ. ಅಲ್ಲಲ್ಲಿ ಅಕ್ಷರಗಳೂ ಮಾರ್ಪಡುತ್ತವೆ. ಮರಿಯ ಕರುಳಿನ ಅಪೆಂಡಿಕ್ಸಿನಲ್ಲಿ ಈ ಕೆಲಸ ನಡೆಯುತ್ತದೆ. ಅದಕ್ಕೆ ಕರುಳಿನ ಬ್ಯಾಕ್ಟೀರಿಯಗಳ ನೆರವೂ ಬೇಕು.

ಮನುಷ್ಯನ ಮೈ ಹಿಡಿದ ದಾರಿ ತುಸು ಬೇರೆ. ಅದು ಹಲವು ವಂಶವಾಹಿಗಳನ್ನು ಆರಿಸಿ ಜೋಡಿಸುತ್ತದೆ, ಬಳಿಕ ತಿದ್ದುತ್ತದೆ. ಆದರೆ ತತ್ತ್ವ ಒಂದೇ. ಹಿರಿಯರು ಪ್ರತಿಯೊಂದು ರೋಗಕ್ಕೂ ಸಿದ್ಧ ಆಯುಧವನ್ನು ಮಕ್ಕಳಿಗೆ ಬಿಟ್ಟುಹೋಗುವುದಿಲ್ಲ. ಆಯುಧ ಮಾಡುವ ಸಾಮಗ್ರಿಯನ್ನೂ ಹದವನ್ನೂ ಕೊಟ್ಟುಹೋಗುತ್ತಾರೆ. ನಿಮ್ಮ ಮನೆಯ ಮಗುವಿಗೆ ಹಾಕಿಸುವ ಲಸಿಕೆ ಫಲಿಸುವುದು ಈ ಸ್ವತ್ತಿನ ಬಲದಿಂದಲೇ.