ಗಾಲಿಕುರ್ಚಿ ಓಟ: ಆರಂಭ ಮತ್ತು ಸಲಕರಣೆಯ ಆಯ್ಕೆ

ವುಡ್‌ಬ್ರಿಡ್ಜ್‌ನಿಂದ ಹೆದ್ದಾರಿ 27ರಲ್ಲಿ ದಕ್ಷಿಣಕ್ಕೆ ಸಾಗಿದರೆ ಸ್ವಲ್ಪ ಹೊತ್ತಿನಲ್ಲೇ ವುಡ್‌ಬೈನ್ ಕುದುರೆ ಪಂದ್ಯದ ಮೈದಾನ ಎದುರಾಗುತ್ತದೆ. 1976ರ ಆಗಸ್ಟ್ ತಿಂಗಳಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್ ಮುಗಿದ ಬೆನ್ನಿಗೇ, ವಿಕಲಚೇತನರ ಜಾಗತಿಕ ಕ್ರೀಡಾಕೂಟವೊಂದು ಇದೇ ಮೈದಾನದಲ್ಲಿ ಉದ್ಘಾಟನೆಗೊಂಡಿತು. ನೆರೆಯ ಎಟೋಬಿಕೋದಲ್ಲಿ ನಡೆದ ಆ ಕೂಟವನ್ನು ಇಂದು ಐದನೆಯ ಪ್ಯಾರಾಲಿಂಪಿಕ್ಸ್ ಎಂದು ಎಣಿಸಲಾಗುತ್ತದೆ. ಅದರ ಹಿಂದಿನ ಪ್ರೇರಕಶಕ್ತಿ ಟೊರಾಂಟೊದ ಮೂಳೆ ಶಸ್ತ್ರವೈದ್ಯ ಡಾ. ರಾಬರ್ಟ್ ಜಾಕ್ಸನ್. ಓಟಕ್ಕೆಂದೇ ರೂಪಿಸಿದ ಗಾಲಿಕುರ್ಚಿಗಳು ಪ್ಯಾರಾಲಿಂಪಿಕ್ಸ್‌ನಲ್ಲಿ ಮೊದಲು ಕಾಣಿಸಿಕೊಂಡದ್ದೂ, 200 ಮೀಟರಿನಿಂದ 1500 ಮೀಟರಿನವರೆಗಿನ ಓಟಗಳು ಸೇರ್ಪಡೆಯಾದದ್ದೂ ಆ ಕೂಟದಲ್ಲೇ. ಹೀಗೆ ಈ ಕ್ರೀಡೆಯ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಮ್ಮ ಮನೆಬಾಗಿಲಲ್ಲೇ ನಡೆದಿದೆ.

ಆದರೂ ಇಲ್ಲಿನ ಕನ್ನಡ ಕುಟುಂಬಗಳಲ್ಲಿ ಗಾಲಿಕುರ್ಚಿ ಬಳಸುವ ಮಗುವಿದ್ದರೆ, ಆ ಮಗುವಿನ ಓದಿಗೆ ಸಿಗುವ ಆಸರೆ ಆಟಕ್ಕೆ ಸಿಗುವುದು ಅಪರೂಪ. ‘ಓದಿ ತನ್ನ ಕಾಲ ಮೇಲೆ ನಿಂತರೆ ಸಾಕು’ ಎನ್ನುವ ಹಿರಿಯರ ಮಾತಿನಲ್ಲಿ ಕಕ್ಕುಲಾತಿಯಿದೆ, ಅಂಜಿಕೆಯೂ ಇದೆ. ಇನ್ನು ಕೆಲವರು ಉತ್ಸಾಹದಿಂದ ನೇರವಾಗಿ ದುಬಾರಿ ಕುರ್ಚಿಯೊಂದನ್ನು ತರಿಸಿಬಿಡುತ್ತಾರೆ. ಅದು ಮೈಗೆ ಹೊಂದದೆ ಗ್ಯಾರೇಜಿನ ಮೂಲೆ ಸೇರುತ್ತದೆ. ಈ ಲೇಖನದ ಉದ್ದೇಶ ಎರಡೂ ತಪ್ಪುಗಳನ್ನು ತಪ್ಪಿಸುವುದು. ಮುಖ್ಯವಾದ ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ: ಮೊದಲು ಎರವಲು ಕುರ್ಚಿಯಲ್ಲಿ ಕೂತು ನೋಡಬೇಕು, ಬಳಿಕ ಅಳತೆ ಕೊಡಬೇಕು, ಖರೀದಿ ಕೊನೆಯ ಹಂತ.

ಯಾರು ಓಡಬಹುದು?

ನಿತ್ಯ ಗಾಲಿಕುರ್ಚಿ ಬಳಸುವವರು ಮಾತ್ರ ಈ ಕ್ರೀಡೆಗೆ ಅರ್ಹರು ಎಂಬುದು ತಪ್ಪು ತಿಳಿವಳಿಕೆ. ಬೆನ್ನುಹುರಿಗೆ ಪೆಟ್ಟಾದವರು, ಹುಟ್ಟಿನಿಂದ ಸ್ಪೈನಾ ಬೈಫಿಡಾ ಇರುವವರು, ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡವರು, ಕಾಲು ಕಳೆದುಕೊಂಡವರು, ಸೆರೆಬ್ರಲ್ ಪಾಲ್ಸಿ ಇರುವವರು ಇದರಲ್ಲಿ ಪಾಲ್ಗೊಳ್ಳುತ್ತಾರೆ. ಊರುಗೋಲು ಹಿಡಿದು ನಡೆಯಬಲ್ಲ ಅನೇಕರೂ ಓಟದ ದಿನ ಕುರ್ಚಿಯನ್ನೇರುತ್ತಾರೆ.

ಸ್ಪರ್ಧೆ ನ್ಯಾಯಯುತವಾಗಿರಲೆಂದು ಓಟಗಾರರನ್ನು ವರ್ಗಗಳಾಗಿ ವಿಂಗಡಿಸುತ್ತಾರೆ. ಟಿ 51 ಮತ್ತು ಟಿ 52 ವರ್ಗಗಳಲ್ಲಿ ತೋಳು, ಕೈಗಳಲ್ಲೂ ದೌರ್ಬಲ್ಯವಿರುತ್ತದೆ. ಟಿ 53ರವರ ತೋಳುಗಳು ಪೂರ್ಣ ಬಲಿಷ್ಠ, ಆದರೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳ ಹಿಡಿತ ಇರುವುದಿಲ್ಲ. ಟಿ 54ರವರಿಗೆ ಆ ಹಿಡಿತ ಭಾಗಶಃ ಅಥವಾ ಪೂರ್ಣವಾಗಿ ಇರುತ್ತದೆ. ಸೆರೆಬ್ರಲ್ ಪಾಲ್ಸಿಯಂಥ ಚಲನೆಯ ಹೊಂದಾಣಿಕೆಯ ತೊಂದರೆ ಇರುವವರಿಗೆ ಟಿ 32ರಿಂದ ಟಿ 34ರವರೆಗಿನ ವರ್ಗಗಳಿವೆ. ಹೊಸಬರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಧಿಕೃತ ವರ್ಗೀಕರಣ ದೊಡ್ಡ ಸ್ಪರ್ಧೆಗಳ ಹೊತ್ತಿಗೆ ಸಾಕು. ಆದರೆ ದೇಹದ ಮುಂಡಭಾಗದ ಹಿಡಿತ ಎಷ್ಟಿದೆ ಎಂಬುದು ಕುರ್ಚಿಯ ಆಯ್ಕೆಯನ್ನು ನಿರ್ಧರಿಸುವುದರಿಂದ ಈ ವಿಂಗಡಣೆಯ ಹಿನ್ನೆಲೆ ತಿಳಿದಿರುವುದು ಒಳ್ಳೆಯದು.

ಮೊದಲು ವೈದ್ಯಕೀಯ ಸಿದ್ಧತೆ

ಕುಟುಂಬ ವೈದ್ಯರನ್ನೋ ಪುನರ್ವಸತಿ ತಜ್ಞರನ್ನೋ ಒಮ್ಮೆ ಕಾಣುವುದು ಅಗತ್ಯ. ಅಲ್ಲಿ ಚರ್ಚಿಸಬೇಕಾದ ಸಂಗತಿಗಳು ಇವು.

ಚರ್ಮ. ಸ್ಪರ್ಶಜ್ಞಾನ ಇಲ್ಲದ ಭಾಗದಲ್ಲಿ ಒತ್ತಡದ ಹುಣ್ಣು ಸದ್ದಿಲ್ಲದೆ ಬೆಳೆಯುತ್ತದೆ. ಓಟದ ಕುರ್ಚಿಯಲ್ಲಿ ಮೊಣಕಾಲೂರಿ ಕೂರುವಾಗ ಮೊಣಕಾಲು, ಮುಂಗಾಲು, ಪಾದದ ಮೇಲ್ಭಾಗಗಳ ಮೇಲೆ ಹೊಸ ಬಗೆಯ ಒತ್ತಡ ಬೀಳುತ್ತದೆ. ಮೊದಲ ಸಲ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ಇಳಿದ ಮೇಲೆ ಕೈಗನ್ನಡಿ ಹಿಡಿದು ಚರ್ಮವನ್ನು ಪರೀಕ್ಷಿಸಬೇಕು. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಸದಿದ್ದರೆ ಆ ಜಾಗಕ್ಕೆ ಮೆತ್ತೆ ಬೇಕು, ಇಲ್ಲವೇ ಕೂರುವ ಭಂಗಿ ಬದಲಾಗಬೇಕು. ನಮ್ಮ ಕಂದು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ. ಬಣ್ಣ ಗಾಢವಾಗಿದೆಯೇ, ಮುಟ್ಟಿದರೆ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ನೋಡಬೇಕು.

ರಕ್ತದೊತ್ತಡ. ಎದೆಭಾಗದ ಆರನೆಯ ಕಶೇರುಮಣಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ‘ಅಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ’ ಎಂಬ ಅಪಾಯವಿದೆ. ತುಂಬಿದ ಮೂತ್ರಕೋಶ, ಬಿಗಿದ ಪಟ್ಟಿ, ಮಡಿಸಿಹೋದ ಬಟ್ಟೆಯಂಥ ಸಣ್ಣ ಕಾರಣದಿಂದಲೂ ರಕ್ತದೊತ್ತಡ ಏಕಾಏಕಿ ಏರುತ್ತದೆ. ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಪೆಟ್ಟಿನ ಮಟ್ಟದಿಂದ ಮೇಲೆ ಬೆವರುವುದು ಇದರ ಲಕ್ಷಣಗಳು. ಕೂಡಲೇ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಪಟ್ಟಿ ಸಡಿಲಿಸಿ, ಮೂತ್ರಕೋಶವನ್ನು ಖಾಲಿ ಮಾಡಿಸಬೇಕು. ಶಮನವಾಗದಿದ್ದರೆ ತುರ್ತು ಚಿಕಿತ್ಸೆ ಬೇಕು. ಹೆಚ್ಚು ವೇಗದ ಆಸೆಯಿಂದ ಬೇಕೆಂದೇ ಈ ಸ್ಥಿತಿ ತಂದುಕೊಳ್ಳುವ ಅಪಾಯಕಾರಿ ರೂಢಿಯನ್ನು ಪ್ಯಾರಾಲಿಂಪಿಕ್ ಸಮಿತಿ ನಿಷೇಧಿಸಿದೆ.

ಉಷ್ಣತೆ ಮತ್ತು ಹೃದಯಬಡಿತ. ಪೆಟ್ಟಿನ ಮಟ್ಟದಿಂದ ಕೆಳಗೆ ಬೆವರುವಿಕೆ ಕುಗ್ಗುವುದರಿಂದ ದೇಹ ಬೇಗ ಬಿಸಿಯಾಗುತ್ತದೆ. ಟೊರಾಂಟೊದ ಜುಲೈ ಸೆಕೆಯಲ್ಲಿ ಕುಡಿಯುವ ನೀರಿನ ಜೊತೆ ಮೈಮೇಲೆ ಸಿಂಪಡಿಸುವ ನೀರೂ ಇರಲಿ. ಮೇಲ್ಮಟ್ಟದ ಪೆಟ್ಟಿನಲ್ಲಿ ಹೃದಯಬಡಿತದ ಗರಿಷ್ಠ ಮಿತಿಯೂ ತಗ್ಗಿರುತ್ತದೆ. ಅಂಥವರು ಕೈಗಡಿಯಾರದ ಅಂಕಿಗಿಂತ ತಮಗಾಗುವ ಶ್ರಮದ ಅನುಭವವನ್ನೇ ನೆಚ್ಚುವುದು ಮೇಲು.

ಲ್ಯಾಟೆಕ್ಸ್ ಅಲರ್ಜಿ. ಸ್ಪೈನಾ ಬೈಫಿಡಾ ಇರುವವರಲ್ಲಿ ಇದು ಸಾಮಾನ್ಯ, ಕೆಲವೊಮ್ಮೆ ಪ್ರಾಣಾಪಾಯಕಾರಿ. ಚಕ್ರದ ಬಳೆಗೆ ಸುತ್ತುವ ರಬ್ಬರು, ಕೈಗವಸು, ಅಂಟುಪಟ್ಟಿ ಯಾವುದರಿಂದ ಮಾಡಿದ್ದೆಂದು ಮುಂಚೆಯೇ ವಿಚಾರಿಸಬೇಕು.

ಮೂಳೆ ಮತ್ತು ಭುಜ. ಭಾರ ಹೊರದ ಕಾಲಿನ ಮೂಳೆ ಸವೆದಿರುತ್ತದೆ; ಕುರ್ಚಿ ಉರುಳಿ ಮೂಳೆ ಮುರಿದರೂ ನೋವು ಗೊತ್ತಾಗದಿರಬಹುದು. ಬಿದ್ದ ಮೇಲೆ ಊತ ಕಂಡರೆ ಎಕ್ಸ್‌ರೇ ತಪ್ಪಿಸಬಾರದು. ಇನ್ನು ಭುಜ: ಊಟ, ಬಟ್ಟೆ, ಮಂಚದಿಂದ ಕುರ್ಚಿಗೆ ಇಳಿಯುವುದು, ಎಲ್ಲಕ್ಕೂ ಅದೇ ಭುಜ ಬೇಕು. ಮುಂದಕ್ಕೆ ತಳ್ಳುವ ಅಭ್ಯಾಸದಷ್ಟೇ ಹಿಂದಕ್ಕೆ ಎಳೆಯುವ ವ್ಯಾಯಾಮವನ್ನೂ ಮಾಡಬೇಕು. ಊರಿನಲ್ಲಿ ಬಾಲ್ಯದಲ್ಲಿ ಪೋಲಿಯೋ ತಗುಲಿ ಈಗ ಐವತ್ತು ದಾಟಿದವರು ಸುಸ್ತಾಗುವ ಮೊದಲೇ ನಿಲ್ಲಿಸುವುದನ್ನು ರೂಢಿಸಿಕೊಳ್ಳಬೇಕು.

ಓಟದ ಕುರ್ಚಿಯ ರಚನೆ

ನಿತ್ಯದ ಗಾಲಿಕುರ್ಚಿಗೂ ಓಟದ ಕುರ್ಚಿಗೂ ಇರುವ ವ್ಯತ್ಯಾಸ ಸಾಮಾನು ಹೇರುವ ಸೈಕಲ್ಲಿಗೂ ಪಂದ್ಯದ ಸೈಕಲ್ಲಿಗೂ ಇರುವಷ್ಟು. ಓಟದ ಕುರ್ಚಿಗೆ ಮೂರು ಚಕ್ರ: ಹಿಂದೆ ಎರಡು ದೊಡ್ಡವು, ಉದ್ದನೆಯ ಚೌಕಟ್ಟಿನ ತುದಿಯಲ್ಲಿ ಒಂದು ಚಿಕ್ಕದು. ಹಿಂದಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುತ್ತವೆ. ಈ ವಾಲಿಕೆ ಸಾಮಾನ್ಯವಾಗಿ 11ರಿಂದ 15 ಡಿಗ್ರಿ. ಇದರಿಂದ ಕುರ್ಚಿ ಸ್ಥಿರವಾಗಿರುತ್ತದೆ, ತೋಳು ಚಕ್ರಕ್ಕೆ ಉಜ್ಜುವುದಿಲ್ಲ. ನಿಯಮದ ಪ್ರಕಾರ ಟೈರು ಸೇರಿ ದೊಡ್ಡ ಚಕ್ರದ ವ್ಯಾಸ 70 ಸೆಂಟಿಮೀಟರನ್ನೂ ಚಿಕ್ಕದರದು 50 ಸೆಂಟಿಮೀಟರನ್ನೂ ಮೀರುವಂತಿಲ್ಲ. ಗೇರು, ಸನ್ನೆಕೋಲುಗಳಿಂದ ನೂಕುವ ವ್ಯವಸ್ಥೆಗೂ ಕನ್ನಡಿಗೂ ಅವಕಾಶವಿಲ್ಲ.

ಪ್ರತಿ ದೊಡ್ಡ ಚಕ್ರದ ಹೊರಬದಿಗೆ ಒಂದೇ ಒಂದು ಪುಷ್ ರಿಮ್, ಅಂದರೆ ಕೈಯಿಂದ ತಳ್ಳುವ ಬಳೆ, ಇರುತ್ತದೆ. ಇದೇ ಈ ಕುರ್ಚಿಯ ಗೇರು. ಬಳೆ ದೊಡ್ಡದಾದಷ್ಟೂ ಹೊರಡುವುದು ಸುಲಭ. ಚಿಕ್ಕದಾದಷ್ಟೂ ಹೊರಡಲು ಕಷ್ಟ, ಆದರೆ ಬಲವಿದ್ದರೆ ಗರಿಷ್ಠ ವೇಗ ಹೆಚ್ಚು. ಸಾಮಾನ್ಯ ವ್ಯಾಸ 14ರಿಂದ 16 ಅಂಗುಲ. ಹೊಸಬರು ದೊಡ್ಡ ಬಳೆಯಿಂದಲೇ ಆರಂಭಿಸಬೇಕು. ಮುಂಚಕ್ರಕ್ಕೆ ‘ಕಾಂಪೆನ್ಸೇಟರ್’ ಎಂಬ ಸಾಧನ ಜೋಡಿಸಿರುತ್ತಾರೆ. ಟ್ರ್ಯಾಕ್‌ನ ತಿರುವಿಗೆ ಬಂದಾಗ ಅದಕ್ಕೊಂದು ಏಟು ಕೊಟ್ಟರೆ ಮುಂಚಕ್ರ ತಿರುವಿಗೆ ತಕ್ಕಷ್ಟೇ ಹೊರಳಿ ನಿಲ್ಲುತ್ತದೆ. ನೇರ ಭಾಗಕ್ಕೆ ಬಂದಾಗ ಇನ್ನೊಂದು ಏಟು. ಹೀಗಾಗಿ ತಿರುವಿನಲ್ಲೂ ಎರಡೂ ಕೈಗಳು ತಳ್ಳುತ್ತಲೇ ಇರಬಹುದು.

ಚೌಕಟ್ಟು ಅಲ್ಯೂಮಿನಿಯಮ್ಮಿನದು ಅಥವಾ ಕಾರ್ಬನ್ ಫೈಬರಿನದು. ಮೊದಲ ಕುರ್ಚಿಗೆ ಅಲ್ಯೂಮಿನಿಯಂ ಧಾರಾಳ ಸಾಕು. ಕಾರ್ಬನ್ ಚಕ್ರಗಳು ಗಾಳಿಯನ್ನು ಸೀಳುತ್ತವೆ ನಿಜ. ಆದರೆ ಗಾಳಿಯ ತಡೆ ಲೆಕ್ಕಕ್ಕೆ ಬರುವಷ್ಟು ವೇಗ ಗಳಿಸಿದ ಮೇಲಷ್ಟೇ ಅವುಗಳ ಬೆಲೆಗೆ ಅರ್ಥ.

ಅಳತೆ: ಬೆಳೆಯುವ ಮಕ್ಕಳ ಅಂಗಿಯಲ್ಲ

ಬೆಳೆಯುವ ಮಕ್ಕಳಿಗೆ ಒಂದಳತೆ ದೊಡ್ಡ ಅಂಗಿ ಹೊಲಿಸುವುದು ನಮ್ಮ ಮನೆಗಳ ಹಳೆಯ ಜಾಣತನ. ಓಟದ ಕುರ್ಚಿಗೆ ಈ ಜಾಣತನ ಸಲ್ಲದು. ಸಡಿಲ ಕುರ್ಚಿಯಲ್ಲಿ ಪ್ರತಿ ತಳ್ಳಿನಲ್ಲೂ ದೇಹ ಪಕ್ಕಕ್ಕೆ ಸರಿಯುತ್ತದೆ, ಚರ್ಮ ಉಜ್ಜುತ್ತದೆ, ಕೈ ಬಳೆಯ ಕೆಳಭಾಗವನ್ನು ಮುಟ್ಟುವುದಿಲ್ಲ, ಭುಜ ಅದಕ್ಕೆ ದಂಡ ತೆರುತ್ತದೆ. ಮಗು ‘ನನ್ನಿಂದಾಗದು’ ಎನ್ನುತ್ತದೆ. ಹಲವು ಸಲ ಆಗದಿರುವುದು ಕುರ್ಚಿಯ ತಪ್ಪಿನಿಂದ. ಕುರ್ಚಿ ಪಾದರಕ್ಷೆಯಂತೆ ಹಿಡಿದು ಕೂರಬೇಕು, ಆದರೆ ಕಚ್ಚಬಾರದು.

ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಉದ್ದ, ಎದೆಯ ಅಗಲ, ತೋಳಿನ ಉದ್ದ, ದೇಹದ ತೂಕ: ಇಷ್ಟು ಅಳತೆಗಳು ಬೇಕು. ಇವನ್ನು ಓಟದ ಉಡುಪಿನಲ್ಲಿ, ಅನುಭವಿ ತರಬೇತುದಾರರ ಎದುರಿನಲ್ಲಿ ತೆಗೆಸಬೇಕು. ಕೂತ ಮೇಲೆ ಒಂದು ಸರಳ ಪರೀಕ್ಷೆ: ಎದೆಯನ್ನು ಮುಂದಕ್ಕೆ ಬಾಗಿಸಿ ತೋಳು ಇಳಿಬಿಟ್ಟಾಗ ಬೆರಳುಗಳು ಬಳೆಯ ಕೆಳತುದಿಯನ್ನು ಮುಟ್ಟಬೇಕು.

ಕೂರುವ ಭಂಗಿ ದೇಹಸ್ಥಿತಿಯನ್ನು ಅನುಸರಿಸುತ್ತದೆ. ಮುಂಡದ ಹಿಡಿತವಿದ್ದು ಮೊಣಕಾಲು ಚೆನ್ನಾಗಿ ಮಡಿಸುವವರಿಗೆ ಮೊಣಕಾಲೂರಿ ಬಾಗುವ ಭಂಗಿ ಒಳ್ಳೆಯ ಬಲ ಕೊಡುತ್ತದೆ. ಹಿಡಿತವಿಲ್ಲದವರಿಗೆ, ಕೀಲು ಬಿಗಿದವರಿಗೆ, ಬೆನ್ನು ಡೊಂಕಾದವರಿಗೆ ಮೊಣಕಾಲು ಮೇಲಿರುವ ಕೂರುವ ಭಂಗಿಯೇ ಸುರಕ್ಷಿತ. ಚಾಂಪಿಯನ್ನರ ಭಂಗಿಯನ್ನು ವಿಡಿಯೊ ನೋಡಿ ಅನುಕರಿಸುವುದು ಬೇಡ.

ಕೈಗವಸು ಮತ್ತು ಹೆಲ್ಮೆಟ್

ಓಟದಲ್ಲಿ ಬಳೆಯನ್ನು ಹಿಡಿಯುವುದಿಲ್ಲ. ಮುಷ್ಟಿಯಿಂದ ಗುದ್ದಿ ಕೆಳಕ್ಕೆ ಒತ್ತುತ್ತಾರೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದು ಗಂಟೆಯ ಜಾಗದಲ್ಲಿ ಮುಟ್ಟಿ ಆರು ಗಂಟೆಯ ಜಾಗದ ಆಚೆಗೆ ಬಿಡುತ್ತಾರೆ. ಇದಕ್ಕೆ ವಿಶೇಷ ಕೈಗವಸು ಬೇಕೇ ಬೇಕು. ಆರಂಭಕ್ಕೆ ಮೆತ್ತೆಯಿರುವ ಮೃದು ಕೈಗವಸು. ತಂತ್ರ ಕುದುರಿದ ಮೇಲೆ ಕೈಯ ಅಚ್ಚಿಗೆ ತಕ್ಕಂತೆ ಬಿಸಿಮಾಡಿ ರೂಪಿಸುವ ಅಥವಾ ತ್ರಿಡಿ ಮುದ್ರಣದ ಗಟ್ಟಿ ಪ್ಲಾಸ್ಟಿಕ್ ಕೈಗವಸು.

ಸ್ಪರ್ಧೆಯಲ್ಲಿ 800 ಮೀಟರ್ ಮತ್ತು ಅದಕ್ಕೂ ದೀರ್ಘವಾದ ಓಟಗಳಿಗೆ ಹೆಲ್ಮೆಟ್ ಕಡ್ಡಾಯ. ಅಭ್ಯಾಸದಲ್ಲಿ ಸದಾ ಕಡ್ಡಾಯವೆಂದೇ ತಿಳಿಯಬೇಕು. 2021ರಲ್ಲಿ ಜಪಾನಿನ ಓಯಿಟಾದಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹಗ್ 1 ಗಂಟೆ 17 ನಿಮಿಷ 47 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು. ಅದು ಗಂಟೆಗೆ ಸರಾಸರಿ 32 ಕಿಲೋಮೀಟರಿಗೂ ಹೆಚ್ಚಿನ ವೇಗ.

ಎರವಲು, ಹಳೆಯ ಕುರ್ಚಿ, ಖರ್ಚು

ಒಂಟಾರಿಯೋ ಸರ್ಕಾರದ ಸಹಾಯಕ ಸಾಧನ ಯೋಜನೆ ಅರ್ಹರ ನಿತ್ಯದ ಗಾಲಿಕುರ್ಚಿಯ ವೆಚ್ಚದಲ್ಲಿ 75 ಪ್ರತಿಶತ ಭರಿಸುತ್ತದೆ. ಕ್ರೀಡೆಗೆ ಮಾತ್ರ ಬಳಸುವ ಸಲಕರಣೆಗೆ ಕೊಡುವುದಿಲ್ಲ. ಹೊಸ ಓಟದ ಕುರ್ಚಿಗೆ ಹಲವು ಸಾವಿರ ಡಾಲರ್ ಬೇಕಾಗುವುದರಿಂದ ಎರವಲೇ ಮೊದಲ ದಾರಿ. ಪ್ಯಾರಾಸ್ಪೋರ್ಟ್ ಒಂಟಾರಿಯೋ ಸಂಸ್ಥೆಯನ್ನೂ ಸ್ಥಳೀಯ ಕ್ಲಬ್ಬುಗಳನ್ನೂ ವಿಚಾರಿಸಬೇಕು. ಆದಾಯ ಕಡಿಮೆಯಿರುವ ಕುಟುಂಬಗಳ ಮಕ್ಕಳಿಗೆ ಜಂಪ್‌ಸ್ಟಾರ್ಟ್ ದತ್ತಿಸಂಸ್ಥೆಯ ಕ್ರೀಡಾ ನೆರವಿದೆ.

ಹಳೆಯ ಕುರ್ಚಿ ಕೊಳ್ಳುವುದು ತಪ್ಪಲ್ಲ; ಬೆಳೆಯುವ ಮಗುವಿಗೆ ಅದೇ ವಿವೇಕ. ಬೆಸುಗೆಯ ಜಾಗಗಳಲ್ಲಿ ಕೂದಲೆಳೆಯ ಬಿರುಕಿದೆಯೇ, ಮುಂಚಕ್ರದ ಕವಲು ಅಲುಗಾಡುತ್ತದೆಯೇ, ಟೈರಿನ ರಬ್ಬರು ಒಡೆದಿದೆಯೇ ಎಂದು ನೋಡಿ. ಅಚ್ಚಿನ ಎತ್ತರದಲ್ಲಿ ಹಿಂಚಕ್ರಗಳ ಮುಂಬದಿಯ ಅಂತರವನ್ನೂ ಹಿಂಬದಿಯ ಅಂತರವನ್ನೂ ಅಳೆಯಿರಿ. ಎರಡೂ ಸಮನಾಗಿರಬೇಕು, ಕೆಲವೇ ಮಿಲಿಮೀಟರ್ ವ್ಯತ್ಯಾಸವಿದ್ದರೂ ಬ್ರೇಕು ಹಾಕಿಕೊಂಡು ಓಡಿದಂತಾಗುತ್ತದೆ. ಊರಿನಲ್ಲಿರುವ ಬಂಧುವಿಗೆ ಇಲ್ಲಿಂದ ಹಳೆಯ ಕುರ್ಚಿ ಕಳಿಸುವ ಸದುದ್ದೇಶವಿದ್ದವರೂ ಮೊದಲು ಅಳತೆ ತರಿಸಿಕೊಳ್ಳಲಿ.

ಎಲ್ಲಿ, ಹೇಗೆ ಅಭ್ಯಾಸ?

ವುಡ್‌ಬ್ರಿಡ್ಜ್‌ನವರಿಗೆ ಯಾರ್ಕ್ ವಿಶ್ವವಿದ್ಯಾಲಯದ ಕೀಲ್ ಆವರಣ ಹತ್ತಿರ. 2015ರ ಪ್ಯಾರಾಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಟ್ರ್ಯಾಕ್ ಸ್ಪರ್ಧೆಗಳು ನಡೆದದ್ದು ಅಲ್ಲಿನ ಕ್ರೀಡಾಂಗಣದಲ್ಲೇ. ಪಕ್ಕದಲ್ಲಿ ಒಳಾಂಗಣ ಟ್ರ್ಯಾಕ್ ಕೂಡ ಇದೆ. 2017ರ ಡಿಸೆಂಬರಿನಲ್ಲಿ ವಾನ್‌ವರೆಗೆ ವಿಸ್ತರಿಸಿದ ಸಬ್‌ವೇ ಮಾರ್ಗದ ಹೊಸ ನಿಲ್ದಾಣಗಳಿಗೆಲ್ಲ ಲಿಫ್ಟ್ ಇದೆ. ಸ್ಕಾರ್ಬರೋದ ವೆರೈಟಿ ವಿಲೇಜ್ ವಿಕಲಚೇತನರ ಕ್ರೀಡೆಗೆ ಬಹುಕಾಲದಿಂದ ಹೆಸರಾದ ಕೇಂದ್ರ. ಪ್ರೌಢಶಾಲೆಯ ಮಕ್ಕಳಿಗೆ ಪ್ರಾಂತ್ಯದ ಶಾಲಾ ಅಥ್ಲೆಟಿಕ್ಸ್ ಕೂಟದಲ್ಲೇ ಗಾಲಿಕುರ್ಚಿ ಓಟವಿದೆ. ಶಾಲೆಯ ವ್ಯಾಯಾಮ ಶಿಕ್ಷಕರನ್ನು ಕೇಳಲು ಸಂಕೋಚ ಬೇಡ. ಹಿಮಗಾಲದಲ್ಲಿ ಕುರ್ಚಿಯ ಹಿಂಚಕ್ರಗಳನ್ನು ರೋಲರ್ ಮೇಲಿರಿಸಿ ಮನೆಯ ಬೇಸ್‌ಮೆಂಟಿನಲ್ಲೇ ಅಭ್ಯಾಸ ಮಾಡಬಹುದು.

ಮೊದಲ ತಿಂಗಳು ವಾರಕ್ಕೆ ಎರಡು ದಿನ ಸಾಕು. ವೇಗ ಬೇಡ, ನೇರ ಸಾಗುವುದು, ಬ್ರೇಕು ಹಿಡಿಯುವುದು, ಕಾಂಪೆನ್ಸೇಟರ್ ಬಳಸುವುದು, ಹತ್ತಿ ಇಳಿಯುವುದು ಕಲಿತರೆ ಸಾಕು. ವಾಹನ ಓಡಾಡುವ ರಸ್ತೆ ಹೊಸಬರಿಗೆ ಸಲ್ಲದು. ಈ ಕುರ್ಚಿ ಚಾಲಕರ ಕಣ್ಣಿಗೆ ಬೀಳದಷ್ಟು ತಗ್ಗಾಗಿರುತ್ತದೆ.

ಮುಂದೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಈ ದೇಶದಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಹದಿಮೂರನೆಯ ವಯಸ್ಸಿನಲ್ಲಿ ಅಪಘಾತಕ್ಕೀಡಾದ ಕ್ವಿಬೆಕ್‌ನ ಶಾಂತಾಲ್ ಪೆಟಿಕ್ಲೇರ್ ಪ್ಯಾರಾಲಿಂಪಿಕ್ಸ್‌ನಲ್ಲಿ 14 ಚಿನ್ನ ಸೇರಿ 21 ಪದಕ ಗೆದ್ದು, 2016ರಲ್ಲಿ ಕೆನಡಾದ ಸೆನೆಟ್ ಸದಸ್ಯೆಯಾದರು. ನಮ್ಮವರ ಉದಾಹರಣೆಯೂ ಇದೆ. ಹಸುಗೂಸಾಗಿದ್ದಾಗಲೇ ಪೋಲಿಯೋಗೆ ತುತ್ತಾದ ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರು ಗಾಲಿಕುರ್ಚಿ ಓಟ ಮತ್ತು ಎಸೆತದ ಸ್ಪರ್ಧೆಗಳಲ್ಲಿ ಹೆಸರು ಮಾಡಿ, 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾಗವಹಿಸಿ, ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಬ್ಯಾಂಕಿನಲ್ಲಿ ದುಡಿಯುತ್ತಲೇ ಮಾತೃ ಫೌಂಡೇಶನ್ ಮೂಲಕ ವಿಕಲಚೇತನ ಮಕ್ಕಳಿಗೆ ಆಸರೆಯಾದರು.

ಎಲ್ಲರೂ ಪದಕ ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಹೃದಯ ಗಟ್ಟಿಯಾಗುತ್ತದೆ, ತೂಕ ಹಿಡಿತಕ್ಕೆ ಬರುತ್ತದೆ, ಮಂಚದಿಂದ ಕುರ್ಚಿಗೆ ತಾನೇ ಇಳಿಯುವ ತೋಳ್ಬಲ ಬರುತ್ತದೆ. ಹಿಂದಿನಿಂದ ಯಾರೋ ತಳ್ಳುತ್ತಿದ್ದ ಮಗು ತಂದೆತಾಯಿಯನ್ನೇ ಹಿಂದೆ ಬಿಟ್ಟು ಮುಂದೆ ಹೋಗುತ್ತದೆ. ಅದಕ್ಕೆ ಬೇಕಾದದ್ದು ಈ ವಾರ ಹತ್ತಿರದ ಕ್ಲಬ್ಬಿಗೆ ಒಂದು ಕರೆ, ಮತ್ತು ಎರವಲು ಕುರ್ಚಿಯಲ್ಲಿ ಇಪ್ಪತ್ತು ನಿಮಿಷ.