ಎರಿ ಹೊಲದ ಹತ್ತಿ, ಕಡಲಿನ ದೀಪ

ನಮ್ಮ ಇಳಕಲ್ಲ ಕಡೆ ದೀಪಸ್ತಂಭ ಅಂದ್ರ ಬಾದಾಮಿ ಬನಶಂಕರಿ ಗುಡಿಯವ. ಜಾತ್ರಿಗೆ ಹೋದಾಗೆಲ್ಲಾ ನೋಡಿದ್ದು. ಹಡಗಿಗೆ ದಾರಿ ತೋರಸೋ ದೀಪಸ್ತಂಭ ನಾ ಕಂಡಿದ್ದು ಐವತ್ತು ದಾಟಿದ ಮ್ಯಾಲ, ಮನಿಮಂದಿ ಎಲ್ಲಾ ಕರಾವಳಿಗೆ ಹೋದಾಗ.

ಮೊದಲು ಉಡುಪಿ ಹತ್ತಿರದ ಕಾಪು. 1901ರಾಗ ಬಂಡಿ ಮ್ಯಾಲ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ. ಮೊಣಕಾಲ ಹಿಡಕೊಂಡ ಹತ್ತಿದೆ. ಒಂದೊಂದು ದೀಪಸ್ತಂಭಕ್ಕೂ ಮಿಣುಕೋ ಲೆಕ್ಕ ಬ್ಯಾರೆ ಬ್ಯಾರೆ ಇರ್ತೈತಿ. ಎಷ್ಟು ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸಿ ಇದು ಯಾವ ಊರ ದಂಡಿ ಅನ್ನೋದನ್ನ ಹಡಗಿನವರು ಗುರುತು ಹಿಡೀತಾರ. ಬಾಗಿಲಾ ಬಡಿಯೋ ಸಪ್ಪಳದ ಮ್ಯಾಲ ಬಂದವರು ಯಾರಂತ ನಮಗ ತಿಳಿಯೋದಿಲ್ಲೇನು, ಹಂಗ.

ಆಮ್ಯಾಲ ಕಾರವಾರ. ಕತ್ತಲಾದ ಮ್ಯಾಲ ದಂಡಿಗೆ ಕೂತ್ವಿ. ದೂರ ನಡುಗಡ್ಡಿ ಮ್ಯಾಲ ದೇವಗಡದ ದೀಪ ಮಿಣುಕತಿತ್ತು. ಅದು 1864ರದ್ದು. ಆ ವರ್ಷದ ಹಿಂದ ಒಂದು ಕಥಿ ಐತಿ.

1861ರಾಗ ಅಮೆರಿಕಾದಾಗ ಅಂತರ್ಯುದ್ಧ ಸುರು ಆತು. ಅಲ್ಲಿ ಹತ್ತಿ ಬರೋದು ನಿಂತು, ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗೋಳು ಹಸಕೊಂಡ ಕೂತವು. ಅವರ ಕಣ್ಣು ಧಾರವಾಡ ಸೀಮಿ ಎರಿ ಹೊಲದ ಹತ್ತಿ ಮ್ಯಾಲ ಬಿತ್ತು. 1862ರಾಗ ಉತ್ತರ ಕನ್ನಡ ಜಿಲ್ಲಾ ಮದ್ರಾಸ್ ಬಿಟ್ಟು ಮುಂಬೈ ಪ್ರಾಂತಕ್ಕ ಸೇರಿತು. ಕಾರವಾರನ್ನ ಬಂದರ ಮಾಡಿ, ಹತ್ತಿ ಬಂಡಿ ಘಟ್ಟ ಇಳಿಯಾಕ ರಸ್ತೆ ಮಾಡಿದ್ರು. ಆ ಬಂದರಕ್ಕ ಬರೋ ಹಡಗಿಗೆ ಕತ್ತಲ್ದಾಗ ಈ ದೀಪ.

ಹೋಗಿದ್ದು ಹತ್ತಿ. ತಿರುಗಿ ಬಂದಿದ್ದು ಗಿರಣಿ ನೂಲು, ಗಿರಣಿ ಅರಿವಿ. ಕೈಲೆ ನೂಲೋ ಹೆಣ್ಣಮಕ್ಕಳ ರಾಟಿ ಮೂಲಿ ಸೇರಿದವು.

ನನ್ನ ತವರು ನೇಕಾರರ ಮನಿ. ಅಟ್ಟದ ಮ್ಯಾಲ ಒಂದು ಮುರಕ ರಾಟಿ ಇತ್ತು. ‘ನಮ್ಮ ಅತ್ತಿ ಇದರಾಗ ನೂಲತಿದ್ಲು’ ಅಂತ ಆಯಿ ಹೇಳತಿದ್ಲು. ನಾ ಕೇಳಿಸಿಕೊಳ್ಳಲಿಲ್ಲ. ಒಂದು ದೀಪಾವಳಿಗೆ, ಕಟಿಗಿ ಹಸೀ ಅದಾವಂತ, ಅದನ್ನ ನೀರೊಲಿಗೆ ಹಾಕಿದಾಕಿ ನಾನ. ಆಯಿ ಬೈಲಿಲ್ಲ. ಆವತ್ತು ಎಣ್ಣಿ ಹಚ್ಚಿಸಿಕೊಳ್ಳಾಕ ಮಾತ್ರ ಬರಲಿಲ್ಲ.

ಕಾರವಾರದಾಗ ಮಿಣುಕು ಎಣಿಸಿಗೋಂತ ಕೂತಿದ್ದೆ.

‘ಏನ ಎಣಸಾಕತ್ತಿ?’ ಅಂದ್ರು ನಮ್ಮವರು.

‘ಹತ್ತಿ ಅಂಡಿಗಿ ರೀ’ ಅಂದೆ.