ಪೇಂಟ್‌ಬಾಲ್

ಪೇಂಟ್‌ಬಾಲ್ ಎಂಬುದು ಬಣ್ಣ ತುಂಬಿದ ಗುಂಡುಗಳನ್ನು ಒತ್ತಡದ ಅನಿಲದ ಬಲದಿಂದ ಹಾರಿಸಿ ಎದುರಾಳಿಗಳನ್ನು ಆಟದಿಂದ ಹೊರಹಾಕುವ ಕ್ರೀಡೆಯಾಗಿದೆ. ಗುಂಡು ತಗುಲಿ ಒಡೆದು, ಮೈಮೇಲೆ ಬಣ್ಣದ ಗುರುತು ಮೂಡಿದ ಆಟಗಾರನು ಸಾಮಾನ್ಯವಾಗಿ ಆ ಸುತ್ತಿನಿಂದ ನಿರ್ಗಮಿಸಬೇಕಾಗುತ್ತದೆ. ಎದುರು ತಂಡದ ಬಾವುಟವನ್ನು ವಶಪಡಿಸಿಕೊಳ್ಳುವುದು ಅಥವಾ ಆ ತಂಡದ ಎಲ್ಲರನ್ನೂ ಹೊರಹಾಕುವುದು ಆಟದ ಗುರಿ. ಇದು ದುಬಾರಿ ಕ್ರೀಡೆಯೆಂದು ಹೆಸರಾಗಿದ್ದರೂ ಸಲಕರಣೆಗಳನ್ನು ಸರಿಯಾದ ಕ್ರಮದಲ್ಲಿ ಹೊಂದಿಸಿಕೊಂಡಲ್ಲಿ ಮಿತವಾದ ವೆಚ್ಚದಲ್ಲಿಯೂ ಆರಂಭಿಸಬಹುದು.

ಇತಿಹಾಸ

ಕಾಡಿನ ಮರಗಳನ್ನೂ ಜಾನುವಾರುಗಳನ್ನೂ ದೂರದಿಂದ ಗುರುತು ಮಾಡಲು ಅಮೇರಿಕದಲ್ಲಿ ಬಳಕೆಯಲ್ಲಿದ್ದ ಬಣ್ಣದ ಪಿಸ್ತೂಲಿನಿಂದ ಈ ಆಟ ಹುಟ್ಟಿತು. ಚಾರ್ಲ್ಸ್ ಗೇನ್ಸ್, ಹೇಸ್ ನೋಯೆಲ್ ಮತ್ತು ಬಾಬ್ ಗರ್ನ್ಸಿ ಎಂಬುವರು ಇದನ್ನು ರೂಪಿಸಿದರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್‌ನಲ್ಲಿ 12 ಮಂದಿ ಮೊದಲ ಆಟವನ್ನು ಆಡಿದರು. ಅರಣ್ಯ ವೃತ್ತಿಯ ರಿಚೀ ವೈಟ್ ಒಂದು ಗುಂಡನ್ನೂ ಹಾರಿಸದೆ, ಮರಗಳ ಮರೆಯಲ್ಲಿ ಸಾಗಿ ಬಾವುಟಗಳನ್ನು ಸಂಗ್ರಹಿಸಿ ಗೆದ್ದರು.

ಸಲಕರಣೆಗಳು

ಗುಂಡು ಹಾರಿಸುವ ಸಾಧನಕ್ಕೆ ಮಾರ್ಕರ್ ಎಂದು ಹೆಸರು. ಅದರ ಮೇಲ್ಭಾಗದಲ್ಲಿ ಗುಂಡುಗಳನ್ನು ತುಂಬುವ ಹಾಪರ್ ಇರುತ್ತದೆ. ಅನಿಲದ ಸಿಲಿಂಡರನ್ನು ಪ್ರತ್ಯೇಕವಾಗಿ ಜೋಡಿಸಲಾಗುತ್ತದೆ. ಗುಂಡಿನ ಸಾಮಾನ್ಯ ವ್ಯಾಸ 0.68 ಅಂಗುಲ, ಅಂದರೆ ಸುಮಾರು 17 ಮಿ.ಮೀ. ಇದರ ಹೊರಕವಚ ಜೆಲಟಿನ್‌ನಿಂದ ಮಾಡಿದ್ದು, ಒಳಗಿನ ಬಣ್ಣವು ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಇಂಗಾಲದ ಡೈಆಕ್ಸೈಡ್ ಸಿಲಿಂಡರುಗಳು ಅಗ್ಗವಾದರೂ ಹವಾಮಾನಕ್ಕೆ ತಕ್ಕಂತೆ ಅವುಗಳ ಒತ್ತಡ ಏರಿಳಿಯುತ್ತದೆ. ದ್ರವರೂಪದ ಅನಿಲವು ಒಳನುಗ್ಗಿದರೆ ವಿದ್ಯುನ್ಮಾನ ಮಾರ್ಕರುಗಳು ಕೆಡುತ್ತವೆ. ಸಂಕುಚಿತ ಗಾಳಿಯ ಸಿಲಿಂಡರಿನಲ್ಲಿ ಈ ತೊಂದರೆಯಿಲ್ಲ; ಮಾರ್ಕರನ್ನು ಬದಲಿಸಿದಾಗಲೂ ಅದನ್ನೇ ಸಾಮಾನ್ಯವಾಗಿ ಮುಂದುವರಿಸಬಹುದು.

ಮಿತವ್ಯಯದ ಆರಂಭ

ಮೊದಲ ಕೆಲವು ಆಟಗಳಿಗೆ ಮೈದಾನದ ಬಾಡಿಗೆ ಸಲಕರಣೆಗಳೇ ಸಾಕು. ಆಟವು ರುಚಿಸಿದ ನಂತರ ಮೊದಲು ಕೊಳ್ಳಬೇಕಾದುದು ಮಾರ್ಕರ್ ಅಲ್ಲ, ಮುಖರಕ್ಷಕ. ಎರಡು ಪದರದ ಲೆನ್ಸ್ ಉಳ್ಳ ಮುಖರಕ್ಷಕದಲ್ಲಿ ಉಸಿರಿನ ಮಂಜು ಕಡಿಮೆ ಕವಿಯುವುದರಿಂದ ಆಟದ ನಡುವೆ ಅದನ್ನು ತೆಗೆಯುವ ಪ್ರಲೋಭನೆ ಇರುವುದಿಲ್ಲ. ವಿಶೇಷ ಉಡುಪಿನ ಅಗತ್ಯವಿಲ್ಲ. ತುಂಬುತೋಳಿನ ಹಳೆಯ ಅಂಗಿ, ಪ್ಯಾಂಟು ಮತ್ತು ಹಿಡಿತವಿರುವ ಬೂಟುಗಳು ಸಾಕಾಗುತ್ತವೆ.

ಹೊಸಬರಿಗೆ ಸರಳವಾದ ಯಾಂತ್ರಿಕ ಮಾರ್ಕರ್ ಅಥವಾ ಪ್ರತಿ ಗುಂಡಿಗೂ ಕೈಯಿಂದ ಎಳೆಯುವ ಪಂಪ್ ಮಾರ್ಕರ್ ಸೂಕ್ತ. ಬಳಸಿದ ಮಾರ್ಕರನ್ನು ಕೊಳ್ಳುವಾಗ ಅನಿಲದ ಸೋರಿಕೆಯನ್ನೂ, ಸಿಲಿಂಡರಿನ ಮೇಲೆ ಮುದ್ರಿತವಾದ ಪರೀಕ್ಷೆಯ ದಿನಾಂಕವನ್ನೂ ಗಮನಿಸಬೇಕು.

ಮೇಲಿಂದ ಮೇಲೆ ಬರುವ ವೆಚ್ಚವೆಂದರೆ ಗುಂಡುಗಳದ್ದು. 200 ಗುಂಡುಗಳ ಹಾಪರನ್ನು ಸೆಕೆಂಡಿಗೆ 10ರಂತೆ ಹಾರಿಸಿದರೆ 20 ಸೆಕೆಂಡಿನಲ್ಲಿ ಬರಿದಾಗುತ್ತದೆ. ಆದ್ದರಿಂದ ಮರೆಯನ್ನು ಬಳಸಿ ಸ್ಥಳ ಬದಲಿಸುವುದನ್ನು ಕಲಿತವರಿಗೆ ಖರ್ಚು ಕಡಿಮೆ. ಜೆಲಟಿನ್ ತೇವದಲ್ಲಿ ಉಬ್ಬುವುದರಿಂದ ಅಗ್ಗವೆಂದು ಹೆಚ್ಚು ಕೊಂಡು ಕೂಡಿಡುವುದು ಲಾಭಕರವಲ್ಲ. ನೆಲಕ್ಕೆ ಬಿದ್ದ ಗುಂಡುಗಳನ್ನು ಮರಳಿ ತುಂಬಬಾರದು. ಅವು ನಳಿಕೆಯಲ್ಲಿಯೇ ಒಡೆಯಬಹುದು. ಹಲವು ಮೈದಾನಗಳಲ್ಲಿ ಹೊರಗಿನಿಂದ ತಂದ ಗುಂಡುಗಳಿಗೆ ಅವಕಾಶವಿರುವುದಿಲ್ಲವಾದ್ದರಿಂದ ನಿಯಮವನ್ನು ಮೊದಲೇ ತಿಳಿಯುವುದು ಒಳಿತು.

ಸುರಕ್ಷತೆ

ಗುಂಡು ಮೈಗೆ ತಗುಲಿದರೆ ಸಾಮಾನ್ಯವಾಗಿ ಬಾವು ಅಥವಾ ಕಂದುಗಟ್ಟಿದ ಕಲೆ ಉಂಟಾಗುತ್ತದೆ. ಆದರೆ ರಕ್ಷಣೆಯಿಲ್ಲದ ಕಣ್ಣಿಗೆ ತಗುಲಿದರೆ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು. ಸಾಮಾನ್ಯ ಕನ್ನಡಕ, ಈಜುಗನ್ನಡಕಗಳು ಈ ಹೊಡೆತವನ್ನು ತಡೆಯಲಾರವು. ಗುಂಡಿನ ವೇಗವನ್ನು ಕ್ರೋನೋಗ್ರಾಫ್ ಎಂಬ ಸಾಧನದಿಂದ ಅಳೆದು, ಸೆಕೆಂಡಿಗೆ 300 ಅಡಿ (ಸುಮಾರು 91 ಮೀಟರ್) ಮೀರದಂತೆ ನಿಯಂತ್ರಿಸುವುದು ರೂಢಿ. ಆಟದ ಅಂಗಳದಿಂದ ಹೊರಬರುವಾಗ ನಳಿಕೆಗೆ ಮುಚ್ಚಳ ತೊಡಿಸುವುದು ಕಡ್ಡಾಯ. ವೆಚ್ಚವನ್ನು ಎಲ್ಲಿ ಕಡಿತಗೊಳಿಸಿದರೂ ಮುಖರಕ್ಷಕದಲ್ಲಿ ಕಡಿತ ಸಲ್ಲದು.

ಭಾರತದಲ್ಲಿ

ಬೆಂಗಳೂರು ಸೇರಿದಂತೆ ಹಲವು ನಗರಗಳ ಸುತ್ತಲಿನ ರೆಸಾರ್ಟ್ ಹಾಗೂ ಸಾಹಸ ಕ್ರೀಡಾ ಕೇಂದ್ರಗಳಲ್ಲಿ ಈ ಆಟ ಲಭ್ಯವಿದೆ. ಮಾರ್ಕರ್, ಮುಖರಕ್ಷಕ ಮತ್ತು ನಿಗದಿತ ಸಂಖ್ಯೆಯ ಗುಂಡುಗಳನ್ನು ಒಟ್ಟಾಗಿ ಬಾಡಿಗೆಯ ಲೆಕ್ಕದಲ್ಲಿ ನೀಡುವ ಪದ್ಧತಿ ಸಾಮಾನ್ಯವಾಗಿದೆ. ಪ್ರವೇಶ ದರವನ್ನಷ್ಟೇ ನೋಡದೆ, ಅದರಲ್ಲಿ ಎಷ್ಟು ಗುಂಡುಗಳು ಸೇರಿವೆ ಮತ್ತು ಹೆಚ್ಚುವರಿ ಗುಂಡುಗಳ ಬೆಲೆಯೆಷ್ಟು ಎಂಬುದನ್ನು ಹೋಲಿಸಿದರೆ ನಿಜವಾದ ವೆಚ್ಚ ತಿಳಿಯುತ್ತದೆ.